ಅಡುಗೆಮನೆಯ ಕಿಟಕಿಗೆ ತಟ್ಟಿ

ಅಡುಗೆಮನೆಯ ಕಿಟಕಿಗೊಂದು ತಟ್ಟಿ ಕಟ್ಟಿಸಿಕೊಡುತ್ತೇನೆ ಎಂದು ಮನೆಯ ಯಜಮಾನಿ ಹೇಳಿದಾಗ ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ. ಬೀದರ್ ಕಡೆಯವರಾದ ನಿಮಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಟಟ್ಟಿ ಎಂದರೆ ಬೆಳಿಗ್ಗೆ ಎದ್ದು ಚೆಂಬು ಹಿಡಿದು ಹೋಗುವ ಜಾಗ. ಒಂದು ಹಗಲು, ಒಂದು ರಾತ್ರಿ ಪ್ರಯಾಣ ಮಾಡಿ ಗುಂಡ್ಲುಪೇಟೆಯಲ್ಲಿ ಇಳಿದವಳ ಕಿವಿಗೆ ಟ ಮತ್ತು ತ ಒಂದೇ ಆಗಿ ಕೇಳಿಸಿದ್ದವು. ಅಡುಗೆಮನೆಗೆ ಬೇಡವೇ ಬೇಡ ಎಂದೆ.

ಯಜಮಾನಿ ನಂಜಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೋತಿ ಕಾಟ ಅದ ಕಣವ್ವ. ತಟ್ಟಿ ಇಲ್ದಿದ್ರ ನೀನು ಬೇಯ್ಸೋದು, ಅವು ತಿನ್ನೋದು" ಎಂದು ಹಿತ್ತಲಿಗೆ ಕರೆದೊಯ್ದು ಕೋಳಿಗೂಡಿನ ಮುಂದಿದ್ದ ಒಂದು ತಟ್ಟಿಯನ್ನು ತೋರಿಸಿದರು. ಬಿದಿರಿನ ಸೀಳುಗಳನ್ನು ಓರೆಯಾಗಿ ಹೆಣೆದು, ನಡುವೆ ಒಂದೇ ಅಳತೆಯ ಕಿಂಡಿಗಳನ್ನು ಬಿಟ್ಟ ಪರದೆ. ನಾವು ಜಾಳಿಗಿ ಎನ್ನುತ್ತೇವಲ್ಲ, ಅದು. ನಾನು ಮುಖ ಕೆಂಪಗೆ ಮಾಡಿಕೊಂಡು, ಆಗಲಿ, ಕಟ್ಟಿಸಿ ಎಂದೆ. ಕಾರಣ ಮಾತ್ರ ಹೇಳಲಿಲ್ಲ.

ನಾನು ಇಲ್ಲಿಗೆ ಬಂದದ್ದು ಪದವಿ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿಯಾಗಿ. ರಾಜ್ಯದ ನಕ್ಷೆಯಲ್ಲಿ ನಮ್ಮ ಬೀದರ್ ನೆತ್ತಿಯಲ್ಲಿದ್ದರೆ ಚಾಮರಾಜನಗರ ಜಿಲ್ಲೆ ಪಾದದಲ್ಲಿದೆ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಹಿಡಿದರೆ ಕೇರಳ, ಇನ್ನೊಂದು ಹಿಡಿದರೆ ತಮಿಳುನಾಡು. ಸಂತೆಯಲ್ಲಿ ಮಲಯಾಳಂ ಕೇಳುತ್ತದೆ, ಬಸ್ಸಿನಲ್ಲಿ ತಮಿಳು. ಅವೆರಡೂ ನನಗೆ ತೊಂದರೆ ಕೊಡಲಿಲ್ಲ, ಅವು ಬರುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ತೊಂದರೆ ಕೊಟ್ಟದ್ದು ಕನ್ನಡ.

ಇಲ್ಲಿ ಯಾರೂ ಏನನ್ನೂ ಇಡುವುದಿಲ್ಲ, ಮಡಗುತ್ತಾರೆ. ನಾನೋ ದೀಪ, ಗಾಡಿ, ಫೋನು, ಲೆಕ್ಕ ಎಲ್ಲವನ್ನೂ ಹಚ್ಚುವವಳು. ಅಂಗಡಿಯವರಿಗೆ ಫೋನ್ ಹಚ್ಚರಿ ಎಂದಾಗ, ಫೋನಿಗೆ ಏನು ಹಚ್ಚಬೇಕು ಎಂದು ನಂಜಮ್ಮ ನಿಜವಾಗಿಯೂ ಕೇಳಿದರು. ರಾಗಿ ಮುದ್ದೆಯನ್ನು ಜೋಳದ ರೊಟ್ಟಿಯ ಹಾಗೆ ಅಗಿಯಲು ಹೋಗಿ ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ನುಂಗಬೇಕು ಎಂದು ಅವರು ಹೇಳಿಕೊಟ್ಟರು, ಎಂಟು ದಿನದಲ್ಲಿ ಕಲಿತೆ. ಭಾನುವಾರಗಳು ಮಾತ್ರ ನುಂಗಲಾಗುತ್ತಿರಲಿಲ್ಲ. ಮಾತಾಡಲು ಜನರಿದ್ದರು, ನನ್ನ ಮಾತು ಇರಲಿಲ್ಲ. ಅಳು ಬರುತ್ತಿತ್ತು, ಅತ್ತೂ ಇದ್ದೇನೆ.

ಕಾಲೇಜಿನಲ್ಲಿ ನನಗೆ ಒಪ್ಪಿಸಿದ್ದು ಒಂದೇ ಪತ್ರಿಕೆ. ಅದರಲ್ಲಿ ಮೊದಲು ಬರುವುದು ಲ್ಯಾಟಿಸ್ ಎಂಬ ಪಾಠ. ಮಕ್ಕಳು ಹಳ್ಳಿಗಳಿಂದ, ಕನ್ನಡ ಮಾಧ್ಯಮದಿಂದ ಬಂದವರು. ಹಾಗಾಗಿ ಪುಸ್ತಕದ ಕನ್ನಡದಲ್ಲಿ ಜಾಲಕ ಎಂದೇ ಹೇಳುತ್ತ ಹೋದೆ. ನನ್ನ ವೇಗಕ್ಕೂ ಉಚ್ಚಾರಕ್ಕೂ ಸಿಕ್ಕಿ ಆ ಪದ ಏನಾಯಿತೆಂದು ತಿಳಿದದ್ದು ಮೂರನೆಯ ವಾರ, ಟಿಪ್ಪಣಿ ಪುಸ್ತಕ ತರಿಸಿಕೊಂಡಾಗ. ಅರ್ಧ ತರಗತಿ ಚಾಲಕ ಎಂದು ಬರೆದುಕೊಂಡಿತ್ತು. ಭಾಜಕಗಳೆಲ್ಲ ಸೇರಿ ಒಬ್ಬ ಚಾಲಕನಾಗುತ್ತವೆ ಎಂದು ಒಬ್ಬಳು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು. ಅವಳು ಹರವೆಯಿಂದ ಬರುವ ಕವಿತಾ.

ಮರುದಿನ ಪ್ರಾಂಶುಪಾಲರು ಕರೆದು ಒಂದು ಅರ್ಜಿ ತೋರಿಸಿದರು. ಮೇಡಂ ಒಳ್ಳೆಯವರು, ಆದರೆ ಅವರ ಕನ್ನಡ ನಮಗೆ ತಿಳಿಯುತ್ತಿಲ್ಲ, ಬೇರೆಯವರನ್ನು ಕೊಡಿ ಎಂದಿತ್ತು. ಅಕ್ಷರ ಮುತ್ತಿನಂತಿತ್ತು. ಪ್ರಾಂಶುಪಾಲರು ಕಟುಕರಲ್ಲ. ಎರಡು ವಾರ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುತ್ತೇನೆ, ಮಕ್ಕಳಿಗೆ ತಿಳಿಯಲಿಲ್ಲವೆಂದರೆ ಪತ್ರಿಕೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಪತ್ರಿಕೆ ಹೋದರೆ ನನಗೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಗುಂಡ್ಲುಪೇಟೆಯೂ ಇಲ್ಲ. ಕನ್ನಡ ಬರದೆ ಸೋತರೆ ಒಂದು ಮಾತು, ಕನ್ನಡ ಬಂದೂ ಸೋತೆ ಎಂದು ಯಾವ ಮುಖ ಹೊತ್ತು ಊರಿಗೆ ಬರಲಿ? ಈ ಕಾರಣಕ್ಕಂತೂ ಹಿಂದಿರುಗುವ ಬಸ್ಸು ಹತ್ತುವುದಿಲ್ಲ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಶನಿವಾರ ಚಾಮರಾಜನಗರಕ್ಕೆ ಹೋಗಿ ಗ್ರಂಥಾಲಯದ ನಿಘಂಟುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡೆ. ಬಡಗಿಗೆ ಲ್ಯಾಟಿಸ್ ಎಂದರೆ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿದ ಜಾಲಂದ್ರ. ವಿಜ್ಞಾನಿಗೆ ಅದು ಉಪ್ಪಿನ ಹರಳಿನೊಳಗೆ ಕಣಗಳು ಸಾಲುಗೆಡದೆ ನಿಂತ ಕ್ರಮ. ಗಣಿತದವರಿಗೆ ಒಂದು ಏರ್ಪಾಡು: ಅದರಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಅವೆರಡಕ್ಕೂ ಮೇಲೆ ಕೂಡುವ ಹತ್ತಿರದ ಜಾಗ ಒಂದು, ಕೆಳಗೆ ಕೂಡುವ ಹತ್ತಿರದ ಜಾಗ ಒಂದು ಇರಲೇಬೇಕು. ಇಂಗ್ಲಿಷ್ ಪದದ ಬೇರು ಹುಡುಕಿದರೆ ಸಿಕ್ಕಿದ್ದು ಮರದ ತೆಳು ಪಟ್ಟಿ ಎಂಬ ಅರ್ಥ. ಇಷ್ಟು ದೊಡ್ಡ ಮಾತಿನ ಮೂಲ ಒಂದು ಸೀಳು ದಬ್ಬೆಯೇ ಎಂದು ನಗು ಬಂತು. ಹಿಂದಿರುಗುವಾಗ ಬಸ್ಸಿನ ಕಿಟಕಿಯಲ್ಲಿ ಚೆಂಡುಹೂವಿನ ಹೊಲಗಳು ಓಡುತ್ತಿದ್ದವು. ನೇರ ಸಾಲು ಮುಚ್ಚಿಕೊಂಡ ಕೂಡಲೇ ಓರೆ ಸಾಲು ತೆರೆದುಕೊಳ್ಳುತ್ತಿತ್ತು. ಬಂದಾಗಿನಿಂದ ನೋಡುತ್ತಿದ್ದ ಹೊಲವನ್ನು ಅವತ್ತು ಮೊದಲ ಸಲ ನೋಡಿದೆ.

ಮನೆಗೆ ಬಂದರೆ ಜಗಲಿಯಲ್ಲಿ ಮಾದೇವಣ್ಣ ಕೂತಿದ್ದರು. ಕೇರಳದ ದಾರಿಯಲ್ಲಿರುವ ಮದ್ದೂರಿನ ಕಡೆಯಿಂದ ಬಂದು ಮನೆಮನೆಗೆ ತಟ್ಟಿ ಕಟ್ಟಿಕೊಡುವವರು. ನಂಜಮ್ಮ ಹೇಳಿಕಳಿಸಿ ವಾರಗಳೇ ಆಗಿದ್ದವು. ಅಷ್ಟರಲ್ಲಿ ಕೋತಿಗಳು ನನ್ನ ಬೆಲ್ಲದ ಡಬ್ಬಿಯನ್ನು ಎರಡು ಸಲ ಖಾಲಿ ಮಾಡಿದ್ದವು. ಮಾದೇವಣ್ಣ ಅಳತೆಪಟ್ಟಿ ಮುಟ್ಟಲಿಲ್ಲ. ಮೊದಲ ಕಿಂಡಿ ಕಟ್ಟುವುದಕ್ಕೇ ತುಂಬ ಹೊತ್ತು ತೆಗೆದುಕೊಂಡರು, ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಕೈ ತಾನಾಗಿ ಓಡಿತು. ಕಿಂಡಿಗೆ ಅವರು ಕಣ್ಣು ಎನ್ನುತ್ತಿದ್ದರು. ಮೊದಲನೆಯದಕ್ಕೆ ಅಷ್ಟು ಹೊತ್ತೇಕೆ ಎಂದು ಕೇಳಿದೆ.

"ಒಂದು ಕಣ್ಣ ಸರ್ಯಾಗಿ ಕಟ್ಬುಟ್ರ ಮಿಕ್ಕವೆಲ್ಲ ಅದ್ರಂಗೇ ಬತ್ತವ ಕಣವ್ವ" ಎಂದರು. "ಮೊದ್ಲುದ್ದು ಸೊಟ್ಟಗಾದ್ರ, ಕಟ್ತಾ ಕಟ್ತಾ ಸರಿ ಮಾಡನ ಅಂದ್ರ ಆಗಕಿಲ್ಲ."

ಹರಳಿನ ಪಾಠದಲ್ಲಿ ವಿಜ್ಞಾನದವರು ಒಂದು ಕೋಶ, ಅದರ ಪುನರಾವರ್ತನೆ ಎಂದು ಎರಡು ಪುಟ ಬರೆಯುವುದನ್ನು ಮಾದೇವಣ್ಣ ಬಾಯಲ್ಲಿ ವೀಳ್ಯ ಇಟ್ಟುಕೊಂಡೇ ಹೇಳಿ ಮುಗಿಸಿದ್ದರು. ನನ್ನ ಮೊದಲ ಕಣ್ಣು ಸೊಟ್ಟಗಾಗಿತ್ತು. ನಾನು ಜಾಲಕ ಎಂಬಲ್ಲಿಂದ ಶುರುಮಾಡಿದ್ದೆ. ಶುರುಮಾಡಬೇಕಾದ ಪದ ಇಲ್ಲಿಯ ಎಲ್ಲರ ಹಿತ್ತಲಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೇ ನಾಚಿಕೆಯಾಗಿ, ನಂಜಮ್ಮನ ಎದುರೂ ಅದನ್ನು ಬಿದಿರಿನ ಅದು ಎನ್ನುತ್ತಿದ್ದೆ. ಅವತ್ತು ಸಂಜೆ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ತಟ್ಟಿ, ತಟ್ಟಿ ಎಂದು ನಗು ಬರದಿರುವವರೆಗೆ ಹೇಳಿಕೊಂಡೆ. ಮಾದೇವಣ್ಣನಿಗೆ ಇನ್ನೊಂದು ಚಿಕ್ಕ ತಟ್ಟಿ ಬೇಕೆಂದೆ, ನಾಲ್ಕೇ ಕಣ್ಣಿನದು.

ಗೊತ್ತುಮಾಡಿದ ದಿನ ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕೂತರು. ಕೋತಿ ಬರದಿರಲೆಂದು ಕಿಟಕಿಗೆ ಏನು ಕಟ್ಟುತ್ತೀರಿ ಎಂದು ಕೇಳಿದೆ. ತಟ್ಟಿ ಎಂದು ನಾಲ್ಕಾರು ದನಿ ಬಂದವು. ಹೌದು, ತಟ್ಟಿ ಎಂದೆ. ನಮ್ಮೂರಲ್ಲಿ ಹತ್ತಿರಹತ್ತಿರ ಇದೇ ಪದಕ್ಕೆ ಏನರ್ಥ ಎಂಬುದನ್ನೂ, ಬಂದ ದಿನ ನಂಜಮ್ಮನಿಗೆ ಅಡುಗೆಮನೆಯಲ್ಲಿ ಬೇಡ ಎಂದದ್ದನ್ನೂ ಹೇಳಿಬಿಟ್ಟೆ. ತರಗತಿ ಬಿದ್ದುಬಿದ್ದು ನಕ್ಕಿತು. ಪ್ರಾಂಶುಪಾಲರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಇದುವರೆಗೆ ನನ್ನ ಬೆನ್ನ ಹಿಂದೆ ನಗುತ್ತಿದ್ದವರು ಅವತ್ತು ನನ್ನ ಜೊತೆ ನಕ್ಕರು.

ನಾಲ್ಕು ಕಣ್ಣಿನ ತಟ್ಟಿಯನ್ನು ಒಂದು ಮೂಲೆ ಕೆಳಗಾಗುವಂತೆ ಹಲಗೆಗೆ ನೇತುಹಾಕಿದೆ. ಅದರಲ್ಲಿ ಒಂಬತ್ತು ಗಂಟುಗಳು. ಕೆಳಗಿನ ಗಂಟಿಗೆ ಒಂದು ಎಂಬ ಚೀಟಿ ಕಟ್ಟಿದೆ. ಎಡಕ್ಕೆ ಏರಿದರೆ ಎರಡರಿಂದ ಗುಣಿಸಿ, ಬಲಕ್ಕೆ ಏರಿದರೆ ಮೂರರಿಂದ ಎಂದೆ. ಅವರೇ ಬಂದು ಚೀಟಿ ಕಟ್ಟುತ್ತ ನೆತ್ತಿಯಲ್ಲಿ ಮೂವತ್ತಾರಕ್ಕೆ ಮುಟ್ಟಿದರು. ಆಮೇಲೆ ಕವಿತಾಳನ್ನು ಕರೆದೆ. ನಾಲ್ಕು ಆರನ್ನು ಭಾಗಿಸುವುದಿಲ್ಲ, ಆರೂ ನಾಲ್ಕನ್ನು ಭಾಗಿಸುವುದಿಲ್ಲ. ಅವುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳುವುದೇ ತಪ್ಪು. ಆದರೆ ಎರಡರ ಮೇಲೂ ಒಂದೊಂದು ಬೆರಳಿಟ್ಟು ದಬ್ಬೆ ಹಿಡಿದು ಇಳಿ ಎಂದೆ. ಅವಳ ಬೆರಳುಗಳು ಎರಡರಲ್ಲಿ ಕೂಡಿದವು. ಏರು ಎಂದೆ, ಹನ್ನೆರಡರಲ್ಲಿ ಕೂಡಿದವು.

ಕವಿತಾ ತಟ್ಟಿಯನ್ನೇ ನೋಡುತ್ತ ನಿಂತಳು. "ಇದು ಮ.ಸಾ.ಅ., ಅದು ಲ.ಸಾ.ಅ. ಅಲ್ವಾ ಮೇಡಂ. ಇಷ್ಟೇಯಾ? ಮೊದ್ಲೇ ತಟ್ಟಿ ಅಂದುಬುಟ್ಟಿದ್ರ ನಾನು ಆ ಅರ್ಜಿ ಬರೀತಾನೇ ಇರ್ಲಿಲ್ಲ."

ಹೇಳಿದ ಮೇಲೆ ಅವಳಿಗೆ ತಾನು ಏನೆಂದೆ ಎಂಬುದು ಹೊಳೆದು ನಾಲಗೆ ಕಚ್ಚಿಕೊಂಡಳು. ನನಗೆ ಗೊತ್ತದ, ನಿನ್ನ ಅಕ್ಷರ ಚೆಂದ ಅದ ಎಂದೆ. ಅದಕ್ಕೆ ಅವಳು ಬೇರೆಯೇ ಪ್ರಶ್ನೆ ಕೇಳಿದಳು: ನಿಮ್ಮೂರಲ್ಲೂ ಅದ ಅಂತಲೇ ಅನ್ನುವುದಾ? ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ದಾರಿಯುದ್ದಕ್ಕೂ ಬಸ್ಸು ಬದಲಿಸುತ್ತ ಬಂದಾಗ ಐತಿ, ಐತೆ, ಇದೆ ಎಂದೆಲ್ಲ ಕೇಳಿದ್ದೆ. ನಕ್ಷೆಯ ನೆತ್ತಿಯಲ್ಲಿ ಬಿಟ್ಟು ಬಂದ ಅದ ಎಂಬ ಮಾತು ಪಾದದಲ್ಲಿ ಮತ್ತೆ ಕಾದಿತ್ತು, ಬಂದ ದಿನವೇ ನಂಜಮ್ಮನ ಬಾಯಲ್ಲಿತ್ತು. ತಟ್ಟಿಗೆ ಬೆಚ್ಚಿದವಳಿಗೆ ಅದು ಕೇಳಿಸಲಿಲ್ಲ. ಪ್ರಾಂಶುಪಾಲರು ಹೋಗುವಾಗ ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ ಎಂದರು. ಅದನ್ನು ಮಡಚಿ ಲ್ಯಾಟಿಸ್ ಪಾಠದ ಪುಟದಲ್ಲಿ ಮಡಗಿದ್ದೇನೆ.

ರಜೆಗೆ ಊರಿಗೆ ಬಂದಾಗ ನಮ್ಮ ಅಡುಗೆಮನೆಯ ಕಿಟಕಿ ನೋಡಿ, ಇದಕ್ಕೊಂದು ತಟ್ಟಿ ಕಟ್ಟಿಸೋಣ ಎಂದು ನಾನೇ ಅಂದುಬಿಟ್ಟೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ತಂಗಿ ನಕ್ಕೂ ನಕ್ಕೂ ನೀರು ಕುಡಿದಳು. ವಿವರಿಸುವಷ್ಟರಲ್ಲಿ ಸಾಕಾಯಿತು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಕೇಳಿದಳು.

"ನಿನ್ನ ಮನಿ ಹೆಂಗದವಾ ಅಲ್ಲಿ?"

"ಚೆನ್ನಾಗದ" ಎಂದೆ.

ಅವ್ವ ನನ್ನ ಮುಖ ನೋಡಿದಳು. "ಛಲೋ ಅದ ಅನ್ನಾದು ಮರ್ತೇನು?"

ಮರೆತಿರಲಿಲ್ಲ. ಅದು ಮೊದಲು ಬರಲಿಲ್ಲ, ಅಷ್ಟೆ.