ಮೊದಲ ಬುಟ್ಟಿ ಹುಣಸೆಹಣ್ಣು

ಹಿಂದೂಪುರದಲ್ಲಿ ಹುಣಸೆ ಜಜ್ಜಿ ಬೀಜ ಬಿಡಿಸುವುದು ನಮ್ಮ ಕಸುಬು. ಬಾಡಿಗೆ ಮನೆಯ ಪಡಸಾಲೆಯಲ್ಲೇ ಹಣ್ಣು ಹರವಿಕೊಂಡು ಕೂರುತ್ತಿದ್ದೆವು. ಹೊಸ ಹಣ್ಣಿನ ಮೊದಲ ಬುಟ್ಟಿ ಮನೆಯೊಡತಿಗೆ. ಅದು ಹೋಗುವ ತನಕ ನಾವು ಒಂದು ಎಸಳೂ ಬಾಯಿಗಿಡುತ್ತಿರಲಿಲ್ಲ. ಆ ಮುದುಕಿ ಕಲ್ಯಾಣದುರ್ಗದ ಮಗಳ ಮನೆ ಸೇರಿದ ಮೇಲೂ ನಾನೇ ಬಸ್ಸಿನಲ್ಲಿ ಹೊತ್ತು ಕೊಟ್ಟು ಬರುತ್ತಿದ್ದೆ. ಆಕೆ ತೀರಿಕೊಂಡ ಮೇಲೆ ಮಗಳ ಕೈಗೇ ಕೊಟ್ಟೆ.

ಒಂದು ದಿನ ಆ ಮಗಳು ಬಂದು ಮನೆ ಬಿಡಿ ಅಂದಳು. ನನ್ನ ಗಂಡನಿಗೆ ಮೂಗಿನ ತುದಿಯಲ್ಲೇ ಕೋಪ. ಸಾಲದ್ದಕ್ಕೆ ಟೀ ಅಂಗಡಿಯ ಅರೆ ಲಾಯರುಗಳು, ಅವಳು ಓನರೇ ಅಲ್ಲ ಅನ್ನು ಅಂತ ಕಿವಿ ಊದಿದ್ದರು.

"ನೀನ್ಯಾರಮ್ಮ? ಈ ಮನೆ ನಿಂದು ಅಂತ ಯಾರೇಳಿದ್ರು?" ಅಂದುಬಿಟ್ಟ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಷ್ಟಕ್ಕೇ ನಿಲ್ಲಿಸಿದ್ದರೂ ಕೈಕಾಲು ಹಿಡಿಯಬಹುದಿತ್ತು. ಈ ಪುಣ್ಯಾತ್ಮ ಆಕೆ ಕಳಿಸಿದ ನೋಟೀಸಿನ ಉತ್ತರದಲ್ಲೂ ಅದನ್ನೇ ಬರೆಸಿ ಸಹಿ ಹಾಕಿದ. ಕೇಸು ಬಿದ್ದ ಮೇಲೆ ನಮ್ಮ ಲಾಯರೇ ತಲೆ ಚಚ್ಚಿಕೊಂಡರು.

"ಓನರು ಓನರೇ ಅಲ್ಲ ಅನ್ನೋ ಬಾಡಿಗೆದಾರನ್ನ ಕೋರ್ಟು ಮನೇಲಿ ಇರಾಕೆ ಬಿಡಲ್ಲ ಕಣಪ್ಪ."

ಅಂದಿನಿಂದ ಬಾಗಿಲು ಸದ್ದಾದರೆ ಹೊರಹಾಕಲು ಬಂದರೇನೋ ಅಂತ ಇಣುಕಿ ನೋಡುತ್ತಿದ್ದೆ. ಎಲ್ಲಿಗೆ ಹೋಗುವುದು? ಹುಣಸೆ ಹರವಲು ಪಡಸಾಲೆ ಯಾರು ಕೊಡುತ್ತಾರೆ?

ನಾನು ಸಾಕ್ಷಿ ಹೇಳುವ ದಿನ ಕೋರ್ಟಿನ ಮೆಟ್ಟಿಲಲ್ಲಿ ಗಂಡ, "ಆಯಮ್ಮ ಯಾರೋ ಗೊತ್ತಿಲ್ಲ ಅಂದ್ಬುಡು ಕಣೇ" ಅಂದ. ಒಳಗೆ ಕಟಕಟೆಯಲ್ಲಿ ನಿಂತಾಗ ಆ ಮಗಳ ಕಡೆಯ ಲಾಯರು ತೆಲುಗಿನಲ್ಲಿ ಮೆತ್ತಗೆ ಕೇಳಿದರು, ಮೊದಲ ಬುಟ್ಟಿ ಯಾರಿಗೆ ಕೊಡುತ್ತೀರಮ್ಮಾ ಎಂದು.

"ಇಂಟಿ ಓನರಮ್ಮಕಿ" ಅಂದೆ, ಮನೆಯೊಡತಿಗೆ ಅಂತ.

ಮುದುಕಿ ಹೋದ ಮೇಲೆ ಯಾರಿಗೆ ಕೊಟ್ಟಿರಿ, ಎಂದರು ಲಾಯರು.

ನಿಜ ಹೇಳಿದರೆ ಮನೆ ಹೋಗುವ ಭಯ. ಅನ್ನ ಕೊಡುವ ಹಣ್ಣಿನ ಮೇಲೆ ಸುಳ್ಳು ಹೇಳಿದರೆ ಕೈಯೇ ಬಿದ್ದುಹೋದೀತೆಂಬ ಭಯ. ಬೆರಳನ್ನು ಆ ಮಗಳ ಕಡೆ ತೋರಿಸಿದೆ.

ಮನೆ ಹೋಯಿತು. ಗಂಡ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಈಗ ಊರಾಚೆಯ ಶೀಟಿನ ಮನೆಯಲ್ಲಿದ್ದೇವೆ. ಈ ಸಲ ಹೊಸ ಹಣ್ಣು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಬುಟ್ಟಿ ಹೊತ್ತು ಹೊಸ ಮನೆಯೊಡತಿಯ ಬಾಗಿಲಿಗೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ಬೆವೆತಿತ್ತು.

"ಕೊಟ್ಯಾ?"

"ಕೊಟ್ಟೆ ಕಣೇ. ಸಾಕ್ಷಿಗಿರ್ಲಿ ಅಂತ ಬೀದಿಯೋರೆಲ್ಲ ನೋಡೋಗಂಟ ಅಲ್ಲೇ ನಿಂತಿದ್ದೆ."