ಮೇಜಿನ ಮೇಲಿನ ಶೂ, ಪುಸ್ತಕದಲ್ಲಿಲ್ಲದ ಅಧ್ಯಾಯ

ಆಧುನಿಕ ಜರ್ಮನ್ ತತ್ತ್ವಶಾಸ್ತ್ರದ ಬೇರುಗಳು ವಿಶ್ವವಿದ್ಯಾಲಯಗಳಲ್ಲಿ ಮಾತ್ರವಲ್ಲ, ಅನುಭಾವಿಗಳ ಗೂಢ ಬರಹಗಳಲ್ಲೂ ಇವೆಯೆಂದು ಲಂಡನ್ನಿನಲ್ಲಿ ಕುಳಿತು ಕನ್ನಡದಲ್ಲಿ ಪಾಠ ಹೇಳಿದವರು, ನಾನು ಬಲ್ಲಂತೆ, ಒಬ್ಬರೇ: ಪೂಜ್ಯ ಡಾ. ಬಸವಂತಪ್ಪನವರು. ವಿಜಯಪುರದಿಂದ ಬಂದು, ಇಲ್ಲಿನ ಸಂಜೆ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಅವರಿಗೆ ನಮ್ಮ ಕನ್ನಡ ಸಂಘ ಈ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿರುವುದು ಯೋಗ್ಯವೇ. ಆದರೆ ಅದೇ ಸಂಘ ಅವರಿಗೆ ಮಾಡಿದ ಅವಮಾನವನ್ನು ಇಲ್ಲಿ ಹೇಳದೆ ಹೋದರೆ ನಾನು ಅವರ ಶಿಷ್ಯನೇ ಅಲ್ಲ.

ಹೆಸರಿನ ಕೆಳಗೆ ಪದವಿ ಬರೆಯಿರಿ ಎಂದು ಸಂಪಾದಕರು ಕೇಳಿದ್ದಾರೆ. ನನಗೆ ಪದವಿ ಇಲ್ಲ. ಹದಿನಾರಕ್ಕೇ ಓದು ಬಿಟ್ಟವನು. ಕ್ಯಾನರಿ ವಾರ್ಫ್‌ನ ಕಚೇರಿ ಗೋಪುರಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತೇನೆ. ಈ ಲೇಖನವನ್ನು ಕತ್ತರಿಸುವುದಾದರೆ ಪೂರ್ತಿ ಕತ್ತರಿಸಿ, ಅರ್ಧ ಬೇಡ.

ಏಳು ವರ್ಷಗಳ ಹಿಂದೆ ಲಂಡನ್ನಿನ ಕೊಲಿಂಡೇಲ್‌ನ ವಸತಿ ಕಟ್ಟಡವೊಂದರ ಸಭಾಕೋಣೆಯಲ್ಲಿ ಸರ್ ಪ್ರತಿ ಶನಿವಾರ ಕನ್ನಡದಲ್ಲಿ ತತ್ತ್ವಶಾಸ್ತ್ರದ ತರಗತಿ ಆರಂಭಿಸಿದರು. ಕೆಟ್ಟು ನಿಂತಿದ್ದ ಅಲ್ಲಿನ ಲಿಫ್ಟ್ ಸರಿಮಾಡಲು ಹೋದ ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಅವರ ಮೊದಲ ಪಾಠದ ರೀತಿ ಹಳಬರಿಗೆಲ್ಲ ಗೊತ್ತು: ಕಾಲಿನ ಶೂ ಒಂದನ್ನು ಬಿಚ್ಚಿ ಮೇಜಿನ ಮೇಲೆ ಪುಸ್ತಕಗಳ ಪಕ್ಕದಲ್ಲೇ ಇಡುವುದು. ಬ್ಯಾಂಕೊಂದರಲ್ಲಿ ಐಟಿ ಕೆಲಸದಲ್ಲಿರುವ ಬೆಂಗಳೂರಿನ ಚಂದ್ರಿಕಾ ಅಂದು ಎದ್ದೇ ನಿಂತರು.

“ಅಯ್ಯೋ ಸಾರ್, ಅಲ್ಲಿ ಪುಸ್ತಕ ಇದೆ!”

“ಐತಿ ಅಂತನ ಇಟ್ಟೀನವ್ವಾ. ಇದನ್ನ ಹೊಲಿದಾಂವ ದೇವರ ಬಗ್ಗೆ ಬರದ್ರ ಓದ್ತಿಯೋ, ಕೈ ತೊಳಕೋತಿಯೋ?”

ನಾಲ್ಕು ಶತಮಾನಗಳ ಹಿಂದೆ ಜರ್ಮನಿಯ ಊರೊಂದರಲ್ಲಿ ಜೋಡು ಹೊಲಿಯುತ್ತಿದ್ದವನೊಬ್ಬ, ಬೆಳಕು ಬೆಳಕೆಂದು ಕಾಣಬೇಕಾದರೆ ಕತ್ತಲೆ ಬೇಕು, ದೇವರೊಳಗೂ ಹೌದು-ಅಲ್ಲಗಳ ಸೆಣಸಾಟವಿದೆ ಎಂದು ಬರೆದ. ಎರಡು ಶತಮಾನಗಳ ನಂತರ ಪೀಠಗಳಲ್ಲಿ ಕುಳಿತ ತತ್ತ್ವಜ್ಞಾನಿಗಳು ಆ ವಿಚಾರವನ್ನು ಕೈಗೆತ್ತಿಕೊಂಡು ದೊಡ್ಡ ದರ್ಶನಗಳನ್ನೇ ಕಟ್ಟಿದರು. ಸರ್ ಅವರ ಪಾಠದ ಸಾರ ಇದು. ನನ್ನಂಥವನಿಗೂ ಯೋಚಿಸುವ ಹಕ್ಕಿದೆ ಎಂದು ನಾನು ತಿಳಿದದ್ದು ಅಲ್ಲೇ. ನನ್ನ ಪೆದ್ದು ಪ್ರಶ್ನೆಗಳಿಗೆ ಮರುವಾರ ಎರಡು ಪುಟ ಕೈಬರಹದ ಉತ್ತರ ತರುತ್ತಿದ್ದರು. ಆ ಪುಟಗಳೇ ಬೆಳೆದು ಪುಸ್ತಕವಾದವು. ಟೈಪ್ ಮಾಡಿದವನು ನಾನು.

ಆ ಪುಸ್ತಕವನ್ನು ಸಂಘ ಈ ಗ್ರಂಥದ ಜೊತೆಗೇ ಬಿಡುಗಡೆ ಮಾಡುತ್ತಿದೆ. ಅದರಲ್ಲಿ ಮೊದಲ ಅಧ್ಯಾಯ, ಆ ಚಮ್ಮಾರನ ಅಧ್ಯಾಯ, ಇಲ್ಲ. ತೆಗೆಸಿದ್ದಾರೆ. “ಜನ ದೊಡ್ಡ ಫಿಲಾಸಫರ್ಸ್ ಬಗ್ಗೆ ಅಂತ ಬುಕ್ ತಗೋತಾರೆ, ಓಪನ್ ಮಾಡಿದ್ರೆ ಚಪ್ಪಲಿ ಹೊಲಿಯೋನಾ?” ಎಂದರು ಕಾರ್ಯದರ್ಶಿ ಮುಕುಂದ ಅವರು. ಪ್ರತಿ ವರ್ಷ ಶರಣರ ಚಿತ್ರಕ್ಕೆ ಹಾರ ಹಾಕಿ, ಕಾಯಕದ ಬಗ್ಗೆ ಮೈಕ್ ಹಿಡಿದು ಭಾಷಣ ಬಿಗಿಯುವ ಸಂಘ ಇದು! ನಾಚಿಕೆಯಾಗಬೇಡವೇ?

ಸರ್, ನನ್ನ ಸಿಟ್ಟು ನಿಮ್ಮ ಮೇಲೂ ಇದೆ. ನೀವು ಒಪ್ಪಿಬಿಟ್ಟಿರಿ. “ಹೋಗ್ಲಿ ಬಿಡೋ ಸಂಗಮೇಶ, ಈ ವಯಸ್ಸಿನ್ಯಾಗ ಯಾರ ಕೂಡ ಜಗಳಾ ಮಾಡ್ಲಿ? ಶನಿವಾರದ ಪಾಠಾನೂ ಸಾಕಾತು” ಎಂದು ಫೋನ್ ಇಟ್ಟಿರಿ. ಆ ಚಮ್ಮಾರನಿಗೂ ಊರಿನ ಪಾದ್ರಿ ಇನ್ನು ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿಸಿದ್ದ. ಐದಾರು ವರ್ಷ ಸುಮ್ಮನಿದ್ದವನು ಗೆಳೆಯರ ಒತ್ತಾಯಕ್ಕೆ ಮತ್ತೆ ಬರೆದ, ಮೊದಲಿಗಿಂತ ಹೆಚ್ಚೇ ಬರೆದ ಎಂದು ನನಗೆ ಕಲಿಸಿದವರು ನೀವೇ ಅಲ್ಲವೇ? ಒತ್ತಾಯ ಮಾಡುವ ಪಾಳಿ ಈಗ ನಮ್ಮದು.

ತೆಗೆದುಹಾಕಿದ ಇಪ್ಪತ್ತೆರಡು ಪುಟ ನನ್ನಲ್ಲಿವೆ. ಹಂಚಲು ನಲವತ್ತು ಪ್ರತಿ ಮಾಡಿಸಿದ್ದೇನೆ. ದೇವರು, ಅವನೊಳಗೆ ಹೌದು-ಅಲ್ಲ ಏನೇ ಇರಲಿ, ನಿಮಗೆ ದೀರ್ಘಾಯುಷ್ಯವನ್ನೂ ಗಟ್ಟಿ ಮೊಣಕಾಲುಗಳನ್ನೂ ಇನ್ನೂ ಹತ್ತು ಪುಸ್ತಕಗಳಿಗಾಗುವಷ್ಟು ಹಟವನ್ನೂ ಕೊಡಲಿ. ಬಿಡುಗಡೆಯ ಮರು ಶನಿವಾರ ಬೆಳಿಗ್ಗೆ ಹತ್ತಕ್ಕೆ ಆ ಅಧ್ಯಾಯದ ಪಾಠ ಹೇಳಲು ಕೊಲಿಂಡೇಲ್‌ಗೆ ಬನ್ನಿ. ಲಿಫ್ಟ್ ನಡೆಯುತ್ತಿರುತ್ತದೆ, ಅದಕ್ಕೆ ನಾನು ಹೊಣೆ. ಮೇಜಿನ ಮೇಲೆ ಶೂಗೆ ಚಂದ್ರಿಕಾ ತಾವೇ ಜಾಗ ಬಿಟ್ಟಿರುತ್ತಾರೆ.