ಗಣಿತದ ಅಂಕದ ಮೇಲಿನ ಹೆಬ್ಬೆಟ್ಟು

ಮೊನ್ನೆ ಸೊರಬದ ಜೆರಾಕ್ಸ್ ಅಂಗಡಿಯ ಹುಡುಗಿ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, "ಇಲ್ಲೊಂದು ಕಪ್ಪು ಕಲೆ ಇದ್ಯಲ್ಲ ಸಾರ್, ಬಿಳೀದು ಹಚ್ಚಿ ತೆಗೀಲಾ?" ಎಂದಳು.

ಬಡ್ತಿಯ ಕಾಗದಗಳ ಜೊತೆ ಅದರ ನಕಲು ಬೇಕಿತ್ತು. ಮನೆ ಬಿಡುವ ಮೊದಲೇ ಚೀಲ ತೆರೆದು ಅಂಕಪಟ್ಟಿ ಇದೆಯೇ ಎಂದು ಮೂರು ಸಲ ನೋಡಿಕೊಂಡಿದ್ದೆ. ದಾರಿಯಲ್ಲಿ ನಾಲ್ಕನೆಯ ಸಲ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಇರಬಹುದು. ಆದರೆ ಈ ಕಾಗದ ಒಮ್ಮೆ ಹನ್ನೊಂದು ತಿಂಗಳು ನನ್ನ ಬಳಿ ಇರಲಿಲ್ಲ ಎಂಬುದನ್ನು ನೀವಾದರೂ ಗಣನೆಗೆ ತೆಗೆದುಕೊಳ್ಳಬೇಕು.

ಇಪ್ಪತ್ತೈದು ವರ್ಷ ಹಿಂದಿನ, ಎಪ್ಪತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ಒಬ್ಬ ಲಾರಿ ಸಾಹುಕಾರರ ಬಳಿ ನಾನು ಗುಮಾಸ್ತನಾಗಿದ್ದೆ. ಅವರಿಗೆ ಮೂರು ಲಾರಿ, ಒಂದು ಕಬ್ಬಿಣದ ಬೀರು. ಲಾರಿಗಳಿಗಿಂತ ಬೀರುವೇ ಹೆಚ್ಚು ದುಡಿಯುತ್ತಿತ್ತು. ಕೆಲಸಕ್ಕೆ ಸೇರಿದ ಡ್ರೈವರಿಗೆ ಸಾಹುಕಾರರು ಕೈತುಂಬ ಮುಂಗಡ ಕೊಡುವರು. ಅವನ ಲೈಸೆನ್ಸು ಬೀರುವಿನೊಳಗೆ ಹೋಗುವುದು. ಸಾಲ ತೀರಿದ ದಿನ ವಾಪಸು. ಆ ದಿನ ಯಾರಿಗೂ ಬಂದದ್ದನ್ನು ನಾನು ನೋಡಲಿಲ್ಲ. ಹರಿದ ತಾಡಪತ್ರಿ, ಸಿಡಿದ ಟಯರು, ತೂಕದಲ್ಲಿ ಕಡಿಮೆ ಬಂದ ಅಕ್ಕಿ, ಎಲ್ಲವೂ ಡ್ರೈವರನ ಹೆಸರಿಗೇ. ಲೈಸೆನ್ಸಿಲ್ಲದೆ ಲಾರಿ ಓಡಿಸುವುದು ಹೇಗೆ ಎನ್ನುತ್ತೀರಾ? ದಾರಿಯಲ್ಲಿ ತಡೆದವರಿಗೆ ಸಾಹುಕಾರರ ಹೆಸರು ಹೇಳಿದರೆ ಸಾಕಿತ್ತು. ಬೇರೆ ಕಡೆ ಕೆಲಸ ಕೇಳಲು ಮಾತ್ರ ಲೈಸೆನ್ಸಿನ ಆ ಪುಟ್ಟ ಪುಸ್ತಕವೇ ಬೇಕು.

ಈ ಬಾಕಿಗಳನ್ನೆಲ್ಲ ಬರೆಯುತ್ತಿದ್ದವನು ನಾನೇ. ಗುಂಡಗಿನ ಅಕ್ಷರ, ಕೆಂಪು ಶಾಯಿಯ ಗೆರೆ. ನನ್ನ ಪುಟಗಳನ್ನು ನಾನೇ ದೂರ ಹಿಡಿದು ಮೆಚ್ಚಿಕೊಳ್ಳುತ್ತಿದ್ದೆ. ಅವು ಯಾರ ಕಾಲಿಗೆ ಬೀಳುವ ಹಗ್ಗವೆಂದು ಯೋಚಿಸಿದ್ದು, ನನ್ನ ಕಾಲಿಗೂ ಒಂದು ಬಿದ್ದ ಮೇಲೆ. ಕ್ಯಾಸನೂರಿನ ಕಡೆಯ ನಮ್ಮೂರಲ್ಲಿ ಅಪ್ಪ ಮಂಗನ ಕಾಯಿಲೆಯಿಂದ ಮಲಗಿದಾಗ ನಾನೂ ಮುನ್ನೂರು ರೂಪಾಯಿ ಕೇಳಿದೆ. ನನಗೆಲ್ಲಿಯ ಲೈಸೆನ್ಸು? ಸಾಹುಕಾರರು ಸ್ವಲ್ಪ ಯೋಚಿಸಿ, "ಹತ್ತನೇದು ಪಾಸಾಗೀದಿ ಅಲ್ಲ? ಆ ಕಾಗ್ದ ತಗಂಬಾ" ಎಂದರು. ಅಪ್ಪ ಗುಣವಾದರು. ಅಂಕಪಟ್ಟಿ ಬೀರು ಸೇರಿತು.

ಡ್ರೈವರುಗಳಲ್ಲಿ ಹಿರಿಯರು ಖಾದರಣ್ಣ. ಚೀಟಿಗಳಲ್ಲಿ ಕಾಗುಣಿತ ತಿದ್ದುವ ನನ್ನ ಚಟ ನೋಡಿ ಅವರು ನನಗೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಓದು ಬಾರದ ಅವರಿಗೆ ಅವರ ಪುಟವನ್ನು ನಾನೇ ಓದಿ ಹೇಳಬೇಕಿತ್ತು.

"ಏನ್ ಮೇಷ್ಟ್ರೆ, ಇವತ್ತು ನನಗೆಷ್ಟು ಮಾರ್ಕ್ಸ್ ಹಾಕಿದ್ರಿ?"

"ನಲವತ್ತು, ಖಾದರಣ್ಣ. ಒಡೆದ ಗಾಜಿಂದು."

"ಹಂಗಾರೆ ಪಾಸು ಬಿಡ್ರಿ!"

ಶಿವಮೊಗ್ಗದ ಬಸ್ಸಿನವರೊಬ್ಬರು ಅವರನ್ನು ಕರೆಯುತ್ತಿದ್ದರು. ಲೈಸೆನ್ಸು ಕೈಗೆ ಬರಬೇಕಷ್ಟೆ. "ನನ್ ಹತ್ರ ಒಂದೇ ಆಟ ಐತಿ ಮೇಷ್ಟ್ರೆ," ಎಂದು ಒಮ್ಮೆ ಹೇಳಿದ್ದರು. "ಅರ್ಜೆಂಟ್ ಲೋಡ್ ಇರೋ ದಿನ ಚಾವಿ ಕಿಸೇದಾಗಿಟ್ಕಂಡು ಕೂತ್ಬಿಡೋದು. ಸಾವ್ಕಾರ್ರು ಒಂದ್ಸಲ ಬಗ್ತಾರೆ. ಎರಡ್ನೇ ಸಲ ಬ್ಯಾರೆ ಡ್ರೈವರ್ನ ಇಟ್ಕಂತಾರೆ." ಆ ಒಂದು ಸಲಕ್ಕಾಗಿ ಅವರು ಒಳ್ಳೆಯ ದಿನ ಕಾಯುತ್ತಿದ್ದರು.

ಅಷ್ಟರಲ್ಲಿ ನನಗೆ ಶಿಕ್ಷಕರ ತರಬೇತಿಯ ಸಂದರ್ಶನಕ್ಕೆ ಕರೆ ಬಂತು. ಮೂಲ ಅಂಕಪಟ್ಟಿ ತರಬೇಕು. ಸಾಹುಕಾರರು ಎಲೆಯಡಿಕೆ ಜಗಿಯುತ್ತ, "ಹೋಗಪ್ಪ, ಯಾರು ಬ್ಯಾಡ ಅಂದ್ರು? ಬಾಕಿ ಕಟ್ಟು, ಕಾಗ್ದ ಒಯ್ಯಿ" ಎಂದರು. ನಾನೇನು ಮಾಡಿದೆ? ಚಿಂತೆ ಮಾಡಿದೆ. ಆ ವಿದ್ಯೆಯಲ್ಲಿ ಆಗಲೇ ನನ್ನ ಕೈ ಪಳಗಿತ್ತು. ಊಟ ಸೇರದ ನನ್ನನ್ನು ನೋಡಿ ಖಾದರಣ್ಣ ವಿಚಾರಿಸಿದರು. ಹೇಳಿದೆ.

"ಯಾವತ್ತು?"

"ಸೋಮವಾರ."

ಅವರು ಬೀಡಿ ಹಚ್ಚಿದರು.

ಶನಿವಾರ ಬೆಳಿಗ್ಗೆ ಮಂಗಳೂರಿಗೆ ಹೊರಡಬೇಕಿದ್ದ ಅಕ್ಕಿಯ ಲಾರಿ ಆಫೀಸಿನ ಮುಂದೆ ನಿಂತಿತ್ತು. ಉಳಿದ ಡ್ರೈವರುಗಳಿಬ್ಬರೂ ಊರಲ್ಲಿರಲಿಲ್ಲ. ಖಾದರಣ್ಣ ಇಂಜಿನ್ ನೋಡಿ, ಬಾನೆಟ್ ಮುಚ್ಚಿ, ಚಾವಿಯನ್ನು ಕಿಸೆಗೆ ಹಾಕಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಏನಲೇ ಖಾದರ್, ಹೊತ್ತಾತು, ಹೊರಡು."

"ಹೊರಡಲ್ಲ ಸಾವ್ಕಾರ್ರೆ."

ಅಂತೂ ಅವರ ದಿನ ಬಂತು ಎಂದುಕೊಂಡೆ. ಸಂತೋಷವಾಯಿತು. ನಿಜ ಹೇಳಬೇಕೆಂದರೆ, ಹೊಟ್ಟೆಕಿಚ್ಚೂ ಆಯಿತು.

"ಲೈಸೆನ್ಸ್ ಬೇಕೇನು?"

"ನಂದಲ್ರೀ. ಮೇಷ್ಟ್ರ ಕಾಗ್ದ ಕೊಡ್ರಿ."

"ಅವನ ಬಾಕಿ ನಿಮ್ಮಪ್ಪ ಕಟ್ತಾನಾ?"

"ನನ್ ಪುಟಕ್ಕೆ ಹಚ್ರಿ."

ಬೇಡವೆಂದು ನಾನು ಎದ್ದು ನಿಂತೆ ಎಂದು ಬರೆಯಲು ಆಸೆ. "ಖಾದರಣ್ಣ..." ಎಂದೆ, ಅಷ್ಟೆ. ಅವರು ಇತ್ತ ತಿರುಗಿ, "ಬರೀರಿ ಮೇಷ್ಟ್ರೆ, ಅಕ್ಷರ ಚಂದ ಬರ್ಲಿ" ಎಂದರು. ನನ್ನ ಸಾಲವನ್ನು ಅವರ ಪುಟದಲ್ಲಿ ನನ್ನ ಕೈಯಾರೆ ಬರೆದೆ. ಆ ಪುಸ್ತಕದಲ್ಲಿ ನಾನು ಸೊಟ್ಟಗೆ ಬರೆದ ಸಾಲು ಅದೊಂದೇ.

ಬೀರು ತೆರೆಯಿತು. ಖಾದರಣ್ಣ ಅಂಕಪಟ್ಟಿಯನ್ನು ಇಸಿದುಕೊಂಡು ನನಗೆ ಕೊಟ್ಟರು. ಆಮೇಲೆ ತಮ್ಮ ಕೈ ನೋಡಿಕೊಂಡು, "ಅಯ್ಯ, ಗ್ರೀಸ್ ಹತ್ತಿಬಿಡ್ತಲ್ರೀ" ಎಂದು ಪೇಚಾಡಿದರು. ಆ ದಿನ ಅವರು ಮರುಗಿದ್ದು ಅದೊಂದಕ್ಕೇ.

"ನಿಮ್ಮ ಆಟ ಹೋಯ್ತಲ್ಲ ಖಾದರಣ್ಣ?" ಎಂದು ಲಾರಿಯ ಬಾಗಿಲ ಬಳಿ ಕೇಳಿದೆ.

"ಚಲೋ ಆತು ಬಿಡ್ರಿ. ಯಾವಾಗ ಆಡ್ಲಿ, ಯಾವಾಗ ಆಡ್ಲಿ ಅಂತ ತಲಿ ತಿಂತಿತ್ತು."

ನಾನು ಮೇಷ್ಟ್ರೇ ಆದೆ. ಜೀತ ರದ್ದಾಯಿತೆಂದು ರೇಡಿಯೋ ಹೇಳಿದಾಗ, "ನಮ್ಮಲ್ಲೆಲ್ಲಿ ಜೀತ? ಎಲ್ಲಾ ಸಂಬಳದ ಮಂದಿ" ಎಂದರಂತೆ ಸಾಹುಕಾರರು. ಸಂಬಳ ಬಂದಾಗ ತಿಂಗಳು ತಿಂಗಳೂ ಹೋಗಿ ನನ್ನ ಪಾಲನ್ನು ಕಟ್ಟಿ ಮುಗಿಸಿದೆ. ಆದರೆ ಖಾದರಣ್ಣನ ಲೈಸೆನ್ಸು ಹೊರಬರಲು ಅದಾದ ಮೇಲೂ ಎರಡು ವರ್ಷ ಹಿಡಿಯಿತು. ಆ ವರ್ಷಗಳನ್ನು ಕಟ್ಟುವ ಬಗೆ ನನಗೆ ತಿಳಿಯಲಿಲ್ಲ. ಕೊನೆಗೆ ಅವರು ಬಸ್ಸಿನ ಡ್ರೈವರಾದರು; ನಮ್ಮ ಶಾಲೆಯ ಮುಂದೆಯೇ ಹೋಗುವ ಬಸ್ಸು. ದಿನವೂ ಹಾರ್ನ್ ಹೊಡೆದು, ಕಿಟಕಿಯಿಂದ ತಲೆ ಹೊರಹಾಕಿ, "ಮೇಷ್ಟ್ರೆ, ಎಷ್ಟು ಮಾರ್ಕ್ಸು?" ಎಂದು ಕೂಗುವರು. ಮಕ್ಕಳು ಒಟ್ಟಾಗಿ "ನೂರು!" ಎನ್ನುವರು. ಹಾಗೆ ಕೂಗಲು ಹೇಳಿಕೊಟ್ಟವನು ನಾನೇ. ನನ್ನಿಂದಾದದ್ದು ಅಷ್ಟು.

ಈ ಕಲೆ ಏನೆಂದು ಕೇಳಿದವರಿಗೆಲ್ಲ ಇಷ್ಟು ವರ್ಷ ನಾನು ಕಾಫಿ ಚೆಲ್ಲಿತು ಎನ್ನುತ್ತಿದ್ದೆ. ಸಾಲಕ್ಕೆ ಅಂಕಪಟ್ಟಿ ಒತ್ತೆಯಿಟ್ಟವನು ಎನ್ನಿಸಿಕೊಳ್ಳಲು ನಾಚಿಕೆ. ಮೊನ್ನೆ ಮಾತ್ರ, "ಕಲೆಯಲ್ಲಮ್ಮ, ಖಾದರಣ್ಣನ ಹೆಬ್ಬೆಟ್ಟು ಅದು" ಎಂದೆ. "ಯಾರು ಸಾರ್ ಅವರು?" ಎಂದಳು. ಹಿಂದೆ ನಿಂತವರ ಗೊಣಗಾಟದ ನಡುವೆಯೇ ಎಲ್ಲ ಹೇಳಿದೆ. ಮೊದಲ ನಕಲಿನಲ್ಲಿ ಹೆಬ್ಬೆಟ್ಟು ಮಸುಕಾಗಿ ಬಂದಿತ್ತು. ಕೇಳದೆಯೇ ಅವಳು ಕಪ್ಪು ಹೆಚ್ಚಿಸಿ ಇನ್ನೊಂದು ತೆಗೆದಳು. ಗೆರೆಗೆರೆಯೂ ಮೂಡಿತು, ಗಣಿತದಲ್ಲಿ ನನಗೆ ಬಂದ ಮೂವತ್ತೇಳು ಪೂರ್ತಿ ಮುಚ್ಚಿಹೋಯಿತು. ಅದನ್ನೇ ಕಚೇರಿಗೆ ಕೊಟ್ಟು ಬಂದಿದ್ದೇನೆ. ಇದೇನೆಂದು ಅವರು ಕೇಳಬಹುದು. ಕೇಳದೆ ಬಿಟ್ಟಾರೆಂಬುದೇ ಈಗಿನ ನನ್ನ ಚಿಂತೆ.